ಕಾಲ ಹರಿಯುವುದಿಲ್ಲ ಎಂದ ನಿನ್ನ ಭಾವ

ಭಾನುವಾರ, ಬೆಳಿಗ್ಗೆ

ಮುದ್ದಿನ ತಂಗೀ,

ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾಯಿತೆಂದು ಬೈಯಬೇಡ; ತಡ ಎನ್ನುವುದೇ ಇಲ್ಲವಂತೆ, ನಿನ್ನ ಭಾವ ಸಾಬೀತು ಮಾಡಿದ್ದಾರೆ. ಮಂಡಿನೋವು ಹೇಗಿದೆ?

ಶುಕ್ರವಾರ ವಿಜ್ಞಾನ ಸಂಘದಲ್ಲಿ ಅವರ ಉಪನ್ಯಾಸವಿತ್ತು. ಇಸ್ತ್ರಿ ಮಾಡಿದ ಕೋಟು, ತಲೆಗೆ ಕಪ್ಪು ಬಣ್ಣ, ಜಂಭದ ಕೋಳಿಯ ನಡಿಗೆ. 'ನಿನ್ನೆ, ಇವತ್ತು, ನಾಳೆ ಎಲ್ಲಾ ಒಟ್ಟಿಗೇ ಇವೆ, ಒಂದೇ ಬೀದಿಯ ಮನೆಗಳ ಹಾಗೆ. ಭೌತಶಾಸ್ತ್ರ ತೀರ್ಮಾನ ಮಾಡಿಬಿಟ್ಟಿದೆ. ತತ್ವಶಾಸ್ತ್ರದವರು ಇನ್ನು ಅಂಗಡಿ ಮುಚ್ಚಬಹುದು' ಎಂದರು. ಆಯಸ್ಸೆಲ್ಲ ತತ್ವಶಾಸ್ತ್ರ ಪಾಠ ಮಾಡಿದ ಈ ಹೆಂಡತಿಯ ಕಡೆ ನೋಡಿ ನಕ್ಕರು. ಸಭೆಯೂ ನಕ್ಕಿತು. ಕುರಿಗಳು.

ನನ್ನ ಪಕ್ಕದ ಹೆಂಗಸು ಎದ್ದು, 'ಸರ್, ಹಾಗಾದ್ರೆ ಹೋದವರು ಹೋಗಿಲ್ವಾ?' ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇವರು ಹಲ್ಲು ಬಿಟ್ಟು, 'ಎಲ್ಲೂ ಹೋಗಿಲ್ಲಮ್ಮ. ಅವರವರ ಕಾಲದಲ್ಲಿ ಹಾಯಾಗಿದ್ದಾರೆ. ಅಳೋದಕ್ಕೆ ವೈಜ್ಞಾನಿಕ ಕಾರಣವೇ ಇಲ್ಲ' ಎಂದರು. ಚಪ್ಪಾಳೆ ಬೇರೆ!

ನಾನು ಎದ್ದೆ. 'ಗಡಿಯಾರ ಏನು ತೋರಿಸುತ್ತೆ ಅಂತ ನಿಮ್ಮ ಲೆಕ್ಕ ಹೇಳುತ್ತೆ, ಒಪ್ಕೊಂಡೆ. ಕಾಯೋದು ಅಂದ್ರೇನು ಅಂತ ಹೇಳುತ್ತಾ?'

'ಅದು ಭಾವನೆ, ಭೌತಶಾಸ್ತ್ರ ಅಲ್ಲ. ಮುಂದಿನ ಪ್ರಶ್ನೆ' ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಹೆಂಗಸನ್ನು ಹೊರಗೆ ಕರೆದೊಯ್ದು ಮೆಟ್ಟಿಲ ಮೇಲೆ ಕೂರಿಸಿ ನೀರು ಕುಡಿಸಿದೆ. 'ಗಂಡ ಹೋಗಿ ಇನ್ನೂ ವರ್ಷ ಆಗಿಲ್ಲ. ಒಂದು ಗಳಿಗೆ ನಂಬಿಬಿಟ್ಟಿದ್ದೆ ಕಣ್ರೀ' ಎಂದಳು. ಅವಳ ಕೈ ಹಿಡಿದು ಕೂತೆ.

ಮನೆಗೆ ಬಂದ ಮಹಾಪಂಡಿತರು, 'ಊಟಕ್ಕೇನು?' ಎಂದರು.

'ನಾಳೆಯ ಅಡುಗೆ ಆಗಲೇ ಇದೆಯಲ್ಲ, ಹೋಗಿ ಬಡಿಸ್ಕೊಳ್ಳಿ' ಎಂದೆ. ಬ್ರೆಡ್ಡು ತಿಂದು ಮಲಗಿದರು. ಯಾಕೆ ಮುನಿದಿದ್ದೇನೆಂದು ಇವತ್ತಿನವರೆಗೂ ಕೇಳಿಲ್ಲ.

ಬುಧವಾರ ನಿನ್ನಲ್ಲಿಗೆ ಹೊರಡುತ್ತಿದ್ದೇನೆ. ವಾಪಸು ಟಿಕೆಟ್ ತೆಗೆಸಿಲ್ಲ. ನಿನಗೂ ಮಕ್ಕಳಿಗೂ ನನ್ನ ಆಶೀರ್ವಾದ. ನೂರ್ಕಾಲ ಬಾಳಿ, ಅದಕ್ಕೆ ನಿನ್ನ ಭಾವನ ಅಪ್ಪಣೆ ಬೇಕಿಲ್ಲ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಉಪನ್ಯಾಸಕ್ಕೆ ಮುಂಚೆ ಚಹಾ ಕುಡಿಯುವಾಗ ಸಂಘದ ಕಾರ್ಯದರ್ಶಿ, 'ಮಕ್ಕಳೆಷ್ಟು ಸರ್?' ಎಂದು ಕೇಳಿದರು. ನಮ್ಮ ಪುಟ್ಟಿ ಇವರ ಹೆಗಲ ಮೇಲೆಯೇ ಬೆಳೆದವಳು. ಆಸ್ಪತ್ರೆಯಲ್ಲಿ ಕೊನೆಯುಸಿರಿನ ತನಕ ಹಿಡಿದುಕೊಂಡದ್ದೂ ಇವರ ಬೆರಳನ್ನೇ. ನಾನು ಬಾಯಿ ತೆರೆಯುವುದರೊಳಗೆ ನಿನ್ನ ಭಾವ, 'ಮಕ್ಕಳಿಲ್ಲ' ಎಂದರು. 'ಇದ್ದಳು' ಎಂದೂ ಅನ್ನಲಿಲ್ಲ ಕಣೇ.