ಒಂದೇ ಲೈನಿನಲ್ಲಿ ಎರಡು ಮನೆ

ಜೂನ್ ೩, ಸೋಮವಾರ. ಬೆಳಿಗ್ಗೆ

ಈ ಎರಡು ಮನೆಯ ಕಥೆ ಮೊದಲು ಹೇಳಿದ್ದು ಅತ್ತಿಗೆ, ಹೆಂಡತಿಯ ಅಕ್ಕ. ನಿನ್ನೆ ಮಧ್ಯಾಹ್ನ, ಅವರ ಮನೆಯಲ್ಲಿ, ಊಟದ ತಟ್ಟೆ ಎತ್ತುವ ಮುಂಚೆ. ಅವರ ಬ್ಯಾಂಕಿನಲ್ಲಿ ಒಬ್ಬ ಮ್ಯಾನೇಜರ್. ಗಂಡ ಹೆಂಡತಿ ಬೇರೆಯಾದರಂತೆ. ಜಗಳವಿಲ್ಲ, ಗಲಾಟೆಯಿಲ್ಲ. ಒಂದೇ ಲೋಕಲ್ ಟ್ರೇನ್ ಲೈನಿನಲ್ಲಿ ಎರಡು ಸ್ಟೇಷನ್ ಹತ್ತಿರ ಎರಡು ಮನೆ ಮಾಡಿಕೊಂಡರಂತೆ. ಮಗು ಊಟದ ಡಬ್ಬಿಯ ಹಾಗೆ ಹೋಗಿ ಬರುತ್ತದಂತೆ.

"ತೊಳೆದು ಕಳಿಸ್ತಾರೋ, ಹಾಗೇ ಕಳಿಸ್ತಾರೋ?" ಅಂದೆ.

ಎಲ್ಲರೂ ನಕ್ಕರು. ಇವಳೊಬ್ಬಳು, ನನ್ನ ಹೆಂಡತಿ, ನಗಲಿಲ್ಲ. "ಒಳ್ಳೇ ಏರ್ಪಾಡು," ಅಂದಳು.

ಈಗ ಶರ್ಟಿಗೆ ಇಸ್ತ್ರಿ ಹಾಕುವಾಗ ಹೊಳೆಯಿತು. ಅತ್ತಿಗೆ ಸುಮ್ಮನೆ ಹೇಳಿದ್ದಲ್ಲ. ನಾವು ಬೇರೆಯಾಗುವ ವಿಷಯ ಅವರಿಗೆ ಗೊತ್ತು. ಈ ಬಾಡಿಗೆ ಮನೆ ಆಗಸ್ಟಿನಲ್ಲಿ ಬಿಡಬೇಕು ಅನ್ನುವುದೂ ಗೊತ್ತು. ಅಕ್ಕತಂಗಿ ಮೊದಲೇ ಮಾತಾಡಿಕೊಂಡಿರಬೇಕು. ನಾನೊಬ್ಬ ಪೆದ್ದ, ಡಬ್ಬಿ ತೊಳೆಯುವ ಜೋಕ್ ಮಾಡಿದೆ.

ಕಾಲರ್ ಸುಟ್ಟಿತು. ಬೇರೆ ಶರ್ಟ್.

ಜೂನ್ ೯, ಭಾನುವಾರ. ಸಾಯಂಕಾಲ

ಬ್ರೋಕರ್ ಬಂದಿದ್ದ. ಕೈಗೊಂದು ಫೋನ್, ಎರಡೂ ಒಟ್ಟಿಗೇ ಬಡಿದುಕೊಳ್ಳುತ್ತವೆ. ನಗರದ ಹೊರಗೆ ಉತ್ತರದ ಲೈನಿನಲ್ಲಿ ದೊಡ್ಡವರು ಮನೆ ಮಾಡುವ ಬಡಾವಣೆ ಮೂರು. ಕೆರೆ ಪಕ್ಕದ್ದು, ಗುಡ್ಡದ್ದು, ಕೊನೇ ಸ್ಟೇಷನ್ನಿನದು. ಇವತ್ತು ಕೆರೆ.

ಒಂದು ಮನೆ ಇವಳಿಗೆ, ಒಂದು ನನಗೆ ಅಂತ ಅವನಿಗೆ ಹೇಳಬೇಕಿತ್ತು. ಇವಳು ಹೇಳುತ್ತಾಳೆ ಅಂತ ನಾನು, ನಾನು ಹೇಳುತ್ತೇನೆ ಅಂತ ಇವಳು. ಅಷ್ಟರಲ್ಲಿ ಆಸಾಮಿ ಕಾರು ಹೊರಡಿಸಿ ಮಾತು ಶುರು ಮಾಡಿಬಿಟ್ಟಿದ್ದ.

"ಮೇಡಂ, ಸಾರ್‌ಗೆ ನೀರು ಕಾಣಬೇಕು ಅಂತ ಆಸೆ ಇರುತ್ತೆ. ಆದ್ರೆ ಅಡುಗೆಮನೆ ನೋಡಿ ನೀವು ಹ್ಞೂಂ ಅಂದ್ರೇನೇ ಮನೆ. ಗಂಡಸರು ಬಾಲ್ಕನಿ ತಗೊಳ್ತಾರೆ, ಹೆಂಗಸರು ಮನೆ ತಗೊಳ್ತಾರೆ."

"ಅಡುಗೆ ಮಾಡೋದು ಇವರು," ಅಂದಳು ಇವಳು. ನಿಜ. ಇವಳು ಕಣ್ಣಿನ ಡಾಕ್ಟರು, ಸಾಯಂಕಾಲದ ಕ್ಲಿನಿಕ್ ಮುಗಿಸಿ ಬರುವಷ್ಟರಲ್ಲಿ ನಾನೇ ಒಲೆ ಹಚ್ಚಿರುತ್ತೇನೆ.

ಅವನು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರೆ ಸಾರ್, ಬಾಲ್ಕನಿ ಮೇಡಂಗೆ."

ಇವಳು ನಕ್ಕಳು. ಮಗಳು ಸ್ನೇಹಿತೆಯ ಮನೆಗೆ ಹೋಗಿದ್ದಳು. ಕಾರಿನಲ್ಲಿ ನಾವಿಬ್ಬರೇ ಹಿಂದೆ. ಎಷ್ಟು ದಿನವಾಗಿತ್ತೋ ಹೀಗೆ ಪಕ್ಕಪಕ್ಕ ಕೂತು.

ಮನೆ ಚೆನ್ನಾಗಿದೆ. ಗೇಟಿನಲ್ಲಿ ಒಳಗೆ ಹೋಗುವವರ ಫೋಟೋ ತೆಗೆಯುತ್ತಾರೆ. ನಮ್ಮಿಬ್ಬರದೂ ಒಂದೇ ಫೋಟೋ ತೆಗೆದರು. ಇವಳು ತನ್ನ ಕನ್ನಡಕ ಸರಿಮಾಡಿಕೊಂಡಳು.

ಬ್ರೋಕರ್‌ಗೆ ನಿಜ ಹೇಳಲಿಲ್ಲ. ಇಬ್ಬರೂ.

ಜೂನ್ ೧೧

ಕೆರೆ ಸ್ಟೇಷನ್ನಿನಿಂದ ಆಫೀಸಿಗೆ ಹೋಗಿ ನೋಡಿದೆ. ಬರೀ ಪರೀಕ್ಷೆಗೆ. ನಿಂತೇ ಹೋಗಬೇಕು. ಸುತ್ತ ಒಳ್ಳೊಳ್ಳೆ ಬೂಟು, ಒಳ್ಳೊಳ್ಳೆ ಸೆಂಟು, ಮಾತಿಲ್ಲ. ಎಲ್ಲರ ಕಿವಿಗೂ ಬಿರಡೆ. ಒಬ್ಬರನ್ನು ಮಾತಾಡಿಸಲು ನೋಡಿದೆ. ಬಿರಡೆ ತೆಗೆದು "ಏನು?" ಅಂದರು. ಏನೂ ಇಲ್ಲ ಅಂದೆ.

ಇದು ನನ್ನ ಬಡಾವಣೆ ಅಂತ ಒಳಗೇ ಗೊತ್ತುಮಾಡಿಕೊಂಡಿದ್ದೇವೆ. ಗುಡ್ಡದ್ದು ಇವಳದು. ಸ್ಕೂಲು ಅಲ್ಲೇ.

ಜೂನ್ ೧೬, ಭಾನುವಾರ

ಗುಡ್ಡ. ಮರ, ಕಾಂಪೌಂಡ್ ಗೋಡೆ, ಮತ್ತೆ ಮರ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಐದನೇ ಮಹಡಿಯ ಮನೆ.

ದೊಡ್ಡ ಕೋಣೆ. ಕಿಟಕಿಯಿಂದ ದೂರದಲ್ಲಿ ರೈಲು ಹೋಗುವುದು ಕಾಣುತ್ತದೆ, ಸದ್ದು ಕೇಳುವುದಿಲ್ಲ. ಬ್ರೋಕರ್ ಹೊರಗೆ ಫೋನಿನಲ್ಲಿದ್ದ. ಇವಳು ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿ, "ನಿಮ್ಮ ಕಪಾಟು ಇಲ್ಲಿಗೆ ಸರಿಹೋಗುತ್ತೆ," ಅಂದಳು.

ಅಂದವಳು ಅಂಗೈ ಗೋಡೆಯಿಂದ ತೆಗೆದಳು. ಕಪಾಟು ನನ್ನದು. ಈ ಮನೆ ಅವಳದು.

ಕೆಳಗಿಳಿಯುವಾಗ ಲಿಫ್ಟಿನಲ್ಲಿ ಇಬ್ಬರೇ. ಬ್ರೋಕರ್ ಬೀಗ ಹಾಕಿ ಬರುತ್ತೇನೆ ಅಂದಿದ್ದ. ಬಾಗಿಲು ಮುಚ್ಚಿದ ಮೇಲೆ ಕೇಳಿದಳು, ನನ್ನ ಕಡೆ ನೋಡದೆ: "ನಾವು ಮಾಡ್ತಿರೋದು ಸರೀನಾ?"

ಲಿಫ್ಟ್ ಮಾರುವುದು ನನ್ನ ಕೆಲಸ. ಇದು ನಮ್ಮ ಎದುರಾಳಿ ಕಂಪನಿಯದು. ನೆಲಕ್ಕಿಂತ ಒಂದು ಬೆರಳು ಕೆಳಗೆ ನಿಲ್ಲುವ ಜಾತಿ. ಅದನ್ನು ಹೇಳಿದೆ. ಅಷ್ಟಕ್ಕೇ ಬಿಟ್ಟೆನಾ? ನಮ್ಮ ಮೆಕ್ಯಾನಿಕ್ಕಿನ ಕಥೆ ತೆಗೆದೆ. ಒಂದು ಕಟ್ಟಡದಲ್ಲಿ ಲಿಫ್ಟು ದಿನಾ ಮೂರನೇ ಮಹಡಿಯಲ್ಲಿ ತಾನಾಗಿ ನಿಂತು ಬಾಗಿಲು ತೆಗೆಯುತ್ತಿತ್ತು. ಹೊರಗೆ ಯಾರೂ ಇಲ್ಲ. ದೆವ್ವ ಅಂತ ಎಲ್ಲರೂ ಮೆಟ್ಟಿಲು ಹತ್ತತೊಡಗಿದರು. ಮೆಕ್ಯಾನಿಕ್ ಮೆಟ್ಟಿಲ ಮರೆಯಲ್ಲಿ ಕಾದು ಕೂತು ನೋಡಿದರೆ ಒಂದು ಮುದಿ ನಾಯಿ! ಗುಂಡಿಗೆ ಮೂಗು ಒತ್ತುತ್ತದೆ, ಬಾಗಿಲು ತೆಗೆದಾಗ ಒಳಗಿದ್ದವರ ಮುಖ ನೋಡಲು ಹಿಂದೆ ಸರಿದು ಕೂರುತ್ತದೆ...

ಅವಳು ನಕ್ಕಳು. ನಗುತ್ತಲೇ ಮಹಡಿಯ ನಂಬರ್ ನೋಡುತ್ತಿದ್ದಳು. ೩, ೨, ೧, ೦. ಬಾಗಿಲು ತೆರೆಯಿತು.

ನಿಜವಾಗಿಯೂ ಒಂದು ಬೆರಳು ಕೆಳಗೆ ನಿಂತಿತ್ತು.

ಜುಲೈ ೨

ಬರೆಯಲಿಲ್ಲ ಇಷ್ಟು ದಿನ. ಬರೆಯಲು ಕೂತರೆ ಲಿಫ್ಟೇ ಬರುತ್ತದೆ.

"ಸರಿಯಿಲ್ಲ" ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಐದು ಮಹಡಿ ಇಳಿಯುವಷ್ಟು ಹೊತ್ತಿತ್ತು.

ಹೋದ ವರ್ಷ ಅವಳು ಹೇಳಿದ್ದು: "ನಿಮ್ಮ ಹತ್ರ ಮಾತಿಗೆ ಬಂದ್ರೆ ಕಥೆ ಸಿಗುತ್ತೆ, ಉತ್ತರ ಸಿಗಲ್ಲ. ಕಥೆ ಚೆನ್ನಾಗಿರುತ್ತೆ. ಅದೇ ತೊಂದ್ರೆ. ನಕ್ಕುಬಿಡ್ತೀನಿ, ಕೇಳೋಕೆ ಬಂದಿದ್ದು ಹಾಗೇ ಉಳಿಯುತ್ತೆ." ಅವಳ ಅಪ್ಪ ತೀರಿಕೊಂಡಾಗಲೂ ಅಷ್ಟೆ. ಮೂರನೇ ದಿನ ಎಲ್ಲರನ್ನೂ ನಗಿಸಿದೆ ಅಂತ ನೆಂಟರು ಹೊಗಳಿದರು. ಅವಳು ಒಳಗಿನ ಕೋಣೆಯಲ್ಲಿದ್ದಳು.

ಏನು ಮಾಡಲಿ. ನಾನು ಬೆಳೆದ ಮನೆಯೇ ಹಾಗೆ. ಹಳ್ಳಿಯ ಮನೆ, ಒಂದೇ ಒಲೆ, ಹತ್ತಾರು ಜನ. ದೊಡ್ಡವರ ದನಿ ಏರಿತು ಅಂದರೆ ಅಜ್ಜಿ ಮೂಲೆಯಿಂದ ಕಥೆ ಶುರು ಮಾಡುತ್ತಿದ್ದಳು. "ಒಬ್ಬ ರಾಜನಿಗೆ ಮೂಗಿನ ಮೇಲೆ ಮರ ಹುಟ್ಟಿತಂತೆ..." ಮರ ಕಡಿಯುವಷ್ಟರಲ್ಲಿ ಜಗಳ ಯಾವುದಕ್ಕೆ ಬಂದಿತ್ತು ಅಂತಲೇ ಯಾರಿಗೂ ನೆನಪಿರುತ್ತಿರಲಿಲ್ಲ. ಆ ವಿದ್ಯೆ ನನಗೆ ಬಂತು. ಆದರೆ ಅಜ್ಜಿ ಮಾರನೆಯ ದಿನ ಹಿತ್ತಿಲಲ್ಲಿ ಒಬ್ಬೊಬ್ಬರನ್ನೇ ಕರೆದು, ಏನಾಗಿತ್ತು ಹೇಳು ಅಂತ ಕೇಳುತ್ತಿದ್ದಳು. ಅದು ನನಗೆ ಬರಲಿಲ್ಲ. ಚಿಕ್ಕವನಿದ್ದೆ, ಹಿತ್ತಿಲಿಗೆ ನನ್ನನ್ನು ಬಿಡುತ್ತಿರಲಿಲ್ಲ.

ಜುಲೈ ೭, ಭಾನುವಾರ. ಮಧ್ಯಾಹ್ನ

ಕೊನೇ ಸ್ಟೇಷನ್. ನೋಡುವ ಅಗತ್ಯವೇ ಇರಲಿಲ್ಲ. ನನ್ನದು ಕೆರೆ, ಅವಳದು ಗುಡ್ಡ. ಬ್ರೋಕರ್ ಬಿಡಲಿಲ್ಲ. "ನೋಡೋಕೆ ಕಾಸು ಕೇಳಲ್ಲ ಸಾರ್." ಅವಳೂ "ಹೋಗಿ ಬರೋಣ" ಅಂದಳು. ಯಾಕೆ ಅಂದಳು?

ಮಗಳೂ ಬಂದಳು. ಅವಳನ್ನು ನಾವು ಜೀರುಂಡೆ ಅನ್ನುವುದು. ಕಿವಿಗೆ ಬಿಡುವು ಕೊಡುವುದಿಲ್ಲ.

ಅಗಲವಾದ ಮನೆ, ಒಂದೇ ಅಂತಸ್ತು, ಹಿಂದೆ ಜಾಗ. ಟ್ರೇನು ಅಲ್ಲಿಂದಲೇ ಹೊರಡುವುದರಿಂದ ಸೀಟು ಸಿಗುತ್ತದೆ. "ಇಬ್ರೂ ಜೋಡಿಯಾಗಿ ಕೂತ್ಕೊಂಡು ಹೋಗಬಹುದು," ಅಂದ ಬ್ರೋಕರ್. "ಮೇಡಂ ನಿದ್ದೆ ಮಾಡ್ಲಿ, ಸಾರ್ ಭುಜ ಕೊಡ್ಲಿ."

"ಅಂಕಲ್, ಅವರು ಜೋಡಿ ಇಲ್ಲ," ಅಂದಳು ಜೀರುಂಡೆ. "ಅಮ್ಮಂಗೊಂದು ಮನೆ, ಅಪ್ಪಂಗೊಂದು ಮನೆ. ನಾನು ಎರಡು ಕಡೇನೂ. ನಿಮಗೆ ಹೇಳಿಲ್ವಾ?"

ಎರಡೂ ಫೋನ್ ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡಿದ್ದವು. ಬ್ರೋಕರ್ ನನ್ನನ್ನು ನೋಡಿದ, ಇವಳನ್ನು ನೋಡಿದ, ಕೊನೆಗೆ ಗೋಡೆ ನೋಡಿದ. "ಪೇಂಟು... ಹೊಸದು," ಅಂದ.

ಇವಳು ಮಗಳನ್ನು ಕರೆದುಕೊಂಡು ಹಿತ್ತಿಲಿಗೆ ಹೋದಳು. ಆಗ ಅವನು ಹತ್ತಿರ ಬಂದ. ತಲೆ ಕೆರೆದುಕೊಂಡ.

"ಸಾರ್, ತಪ್ಪು ತಿಳೀಬೇಡಿ. ಮನೆ ನೋಡೋಕೆ ಬರೋರು ಕಾರಲ್ಲಿ ಕಚ್ಚಾಡ್ತಾರೆ ಸಾರ್. ಎಲ್ರೂ. ಹೊಸದಾಗಿ ಮದುವೆ ಆದೋರೂ. ನಿಮ್ಮನ್ನ ನೋಡಿ ನಮ್ಮ ಮನೆಯವಳಿಗೆ ಹೇಳಿದ್ದೆ, ಹಿಂದಿನ ಸೀಟಲ್ಲಿ ಕೂತು ಇಷ್ಟು ನಗೋ ಗಿರಾಕಿನ ನಾನು ನೋಡಿಲ್ಲ ಕಣೇ ಅಂತ. ಅವಳು ನಿಮ್ಮನ್ನ ಊಟಕ್ಕೆ ಕರೀರಿ ಅಂದಿದ್ಲು."

ನನಗೆ ಮಾತು ಬರಲಿಲ್ಲ. ನನಗೆ!

ಕಿಟಕಿಯಿಂದ ನೋಡಿದೆ. ಹಿತ್ತಿಲಿನಲ್ಲಿ ಇವಳು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಿಂತಿದ್ದಳು. ಮನೆಯ ಕಡೆಗೇ ಮುಖ.

ಜುಲೈ ೭, ಸಾಯಂಕಾಲ

ತೀರ್ಮಾನ ಮಾಡಿದೆ. ಹೇಳುತ್ತೇನೆ. ಕೊನೇ ಸ್ಟೇಷನ್, ಒಂದೇ ಮನೆ. ನಾನು ಬದಲಾಗುತ್ತೇನೆ ಅನ್ನಬಾರದು, ಅದು ಎಲ್ಲರೂ ಅನ್ನುವುದು. ನನಗೆ ಬೇರೆ ಮನೆ ಬೇಡ. ಅಷ್ಟೇ.

ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಒಂದೇ ಉಸಿರಿಗೆ ಬರುತ್ತದೆ. ಕಷ್ಟವೇನಿಲ್ಲ.

ಇವಳಿಗೆ ಈ ವಾರ ಆಪರೇಷನ್ ಜಾಸ್ತಿ. ದಣಿದು ಬರುತ್ತಾಳೆ. ಶನಿವಾರ ಹೇಳುವುದು.

ಜುಲೈ ೧೦

ಇವತ್ತು ಹೇಳುವವನಿದ್ದೆ. ಬಾಗಿಲಿನವರೆಗೂ ಹೋದೆ. ಫೋನಿನಲ್ಲಿದ್ದಳು.

ಜುಲೈ ೧೩, ಶನಿವಾರ. ಊಟದ ನಂತರ

ಅತ್ತಿಗೆ ಮನೆಯಲ್ಲಿ ಊಟ. ಅತ್ತಿಗೆ, ಷಡ್ಡಕ, ನಾವು ಮೂವರು. ವಾಪಸ್ ಬರುವಾಗ ದಾರಿಯಲ್ಲಿ ಹೇಳೋಣ ಅಂತಿದ್ದೆ.

ಬಡಿಸುತ್ತಾ ಅತ್ತಿಗೆ ಕೇಳಿದರು, "ಎಲ್ಲಿಗೆ ಬಂತು ಮನೆ ಹುಡುಕೋದು? ಯಾವುದು ಅಂತ ಆಯ್ತು?"

ಇವಳು ಚಮಚ ಕೆಳಗಿಟ್ಟಳು. ನನ್ನ ಕಡೆ ತಿರುಗಿದಳು. "ನೀವು ಹೇಳಿ," ಅಂದಳು.

ಅಣಕವಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನಾನು ಏನು ಹೇಳಿದರೂ ಕೇಳಿಸಿಕೊಳ್ಳುವ ಮುಖ. ಹದಿನಾಲ್ಕು ವರ್ಷದಲ್ಲಿ ನೋಡಿದ್ದೇನೆ ಆ ಮುಖವನ್ನು, ನನಗೆ ಗೊತ್ತಾಗದೆ ಹೋಗಲು ನಾನೇನು ಮಗುವಲ್ಲ. ಷಡ್ಡಕ ನೋಡುತ್ತಿದ್ದಾರೆ, ಅತ್ತಿಗೆ ನೋಡುತ್ತಿದ್ದಾರೆ. ಬಾಯಿ ತೆರೆದೆ...

"ನಮ್ಮ ಬ್ರೋಕರ್ ಕಥೆ ಕೇಳಿ ಮೊದಲು," ಅಂದೆ.

ಎರಡು ಫೋನಿನಿಂದ ಶುರು ಮಾಡಿದೆ. ಅವನ ನಡಿಗೆ, ಅವನ "ಸಾರ್", ಬಾಲ್ಕನಿ ಮೇಡಂಗೆ, ಭುಜ ಸಾರ್‌ದು. ಎದ್ದು ನಿಂತು ಮಾಡಿ ತೋರಿಸಿದೆ. ಜೀರುಂಡೆ ತನ್ನ ಮಾತು ತಾನೇ ಹೇಳಿದಳು. ನಾನು ಗೋಡೆ ನೋಡಿ, "ಪೇಂಟು... ಹೊಸದು," ಅಂದೆ. ಷಡ್ಡಕರಿಗೆ ನೆತ್ತಿಗೇರಿತು, ಅತ್ತಿಗೆ ಬೆನ್ನು ತಟ್ಟಬೇಕಾಯಿತು. "ಅಯ್ಯೋ ಸಾಕು ಮಾರಾಯ್ರೆ, ಹೊಟ್ಟೆ ನೋವು!" ಅಂದರು ಅತ್ತಿಗೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಕಥೆಯನ್ನೂ ಹೇಳಿರಲಿಲ್ಲ.

ಪೇಂಟಿಗೇ ನಿಲ್ಲಿಸಿದೆ. ಆಮೇಲೆ ಬ್ರೋಕರ್ ಹತ್ತಿರ ಬಂದು ಹೇಳಿದ್ದನ್ನು ಹೇಳಲಿಲ್ಲ. ಅವನ ಹೆಂಡತಿ ಊಟಕ್ಕೆ ಕರೆದದ್ದನ್ನು ಹೇಳಲಿಲ್ಲ. ಹೇಳಲು ಯೋಗ್ಯವಾಗಿದ್ದದ್ದು ಅದೊಂದೇ. ಅಲ್ಲಿ ನಗು ಇರಲಿಲ್ಲ, ಬಿಟ್ಟುಬಿಟ್ಟೆ.

ಇವಳೂ ನಕ್ಕಳು. ಎಲ್ಲರಿಗಿಂತ ಮೊದಲು ನಿಲ್ಲಿಸಿದಳು. ಚಮಚ ಎತ್ತಿಕೊಂಡಳು. ಅತ್ತಿಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೇಳಿದ್ದನ್ನು ಅವರೂ ಮರೆತಿದ್ದರು.

ದಾರಿಯಲ್ಲಿ ಇವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನಿದ್ದೆಯಲ್ಲ.

ಜುಲೈ ೧೪, ಭಾನುವಾರ. ಬೆಳಿಗ್ಗೆ

ಷಡ್ಡಕರ ಫೋನ್ ಬಂತು. ವಾಕಿಂಗ್ ಗೆಳೆಯರಿಗೆಲ್ಲ ಹೇಳಿದರಂತೆ, ಅವರೂ ಬಿದ್ದು ಬಿದ್ದು ನಕ್ಕರಂತೆ. ಮುಂದಿನ ವಾರ ನನ್ನನ್ನೇ ಕರೆದುಕೊಂಡು ಹೋಗುತ್ತಾರಂತೆ. ಹಿಂದೆ ಅತ್ತಿಗೆಯ ದನಿ ಕೇಳಿಸಿತು. "ಪೇಂಟು!" ಅಂದು ನಕ್ಕರು. ಮತ್ತೆ ಅವರೇ ಫೋನ್ ಕಿತ್ತುಕೊಂಡು, "ಅಲ್ಲ, ಕೊನೆಗೆ ಯಾವ ಮನೆ ಅಂತ ಹೇಳಲೇ ಇಲ್ವಲ್ಲ?" ಅಂದರು.

ಜೀರುಂಡೆ ಹಲ್ಲುಜ್ಜುತ್ತಾ ಕನ್ನಡಿಗೆ "ಸಾರ್, ಸಾರ್" ಅನ್ನುತ್ತಿದ್ದಾಳೆ.

ಇವಳು ನನಗಿಂತ ಮುಂಚೆ ಎದ್ದು, ಟೀ ಮಾಡಿ, ನನ್ನದಕ್ಕೆ ಮುಚ್ಚಳ ಹಾಕಿಟ್ಟು ಬಾಲ್ಕನಿಗೆ ಹೋಗಿದ್ದಳು. ಬ್ರೋಕರ್ ಜೊತೆ ಮಾತು. "ಗುಡ್ಡದ್ದು... ಹೌದು, ಐದನೇ ಮಹಡಿ... ಇಲ್ಲ, ಇವತ್ತೇ ಬರ್ತೀನಿ."

ಆಮೇಲೆ ಬಾಗಿಲಿಗೆ ಬಂದಳು. ಫೋನಿನ ಬಾಯಿಗೆ ಅಂಗೈ ಮುಚ್ಚಿ ಕೇಳಿದಳು, "ಕೆರೆ ಪಕ್ಕದ್ದು ನಿಮಗೆ ಅಂತ ಹೇಳಿಬಿಡಲಾ?"

ಒಂದೇ ಉಸಿರಿನ ಮಾತು. ಗಂಟಲವರೆಗೂ ಬಂದಿತ್ತು.

ಹ್ಞೂಂ ಅಂತ ತಲೆಯಾಡಿಸಿದೆ.

ಅವಳು ಅಂಗೈ ತೆಗೆಯಲಿಲ್ಲ. ಹಾಗೇ ನಿಂತಿದ್ದಳು, ಬಾಗಿಲಿನ ಚೌಕಟ್ಟಿಗೆ ಭುಜ ಕೊಟ್ಟು. ಆಮೇಲೆ ಅಂಗೈ ತೆಗೆದು, "ಕೆರೆ ಪಕ್ಕದ್ದು ಅವರಿಗೆ," ಅಂದಳು.