ಅಗಿದು ತಿನ್ನುವ ಮುದ್ದೆ

ಬೇಲೂರು
೫ ಜನವರಿ ೨೦೦೩

ಗಂಡಸಿ ಊರಿನ ಶಿವನಂಜಕ್ಕನಿಗೆ ತಮ್ಮ ರುದ್ರೇಶನ ನಮಸ್ಕಾರ.

ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದೆ. ಕ್ರೋನ್ಸ್ ಕಾಯಿಲೆಯಿಂದ ಹಾಳಾಗಿದ್ದ ಗೇಣುದ್ದದ ಕರುಳನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿದ್ದಾರೆ. ನೋವು ಹೋಗಿದೆ. ಕಾಯಿಲೆ ಮತ್ತೆ ತಲೆಯೆತ್ತಬಹುದಂತೆ, ಮಾತ್ರೆ ಬಿಡಬಾರದಂತೆ. ಇದನ್ನು ಅಮ್ಮನಿಗೆ ಹೇಳಬೇಡ.

ಸಂಕ್ರಾಂತಿಗೆ ಬರುತ್ತೇನೆ. ನನಗೆಂದು ಬೇರೆ ಗಂಜಿ ಇಡಬೇಡ. ಮುದ್ದೆಯನ್ನೇ ಮಾಡು, ಜೊತೆಗೆ ಅವರೆಕಾಳು ಸಾರಿನ ತಿಳಿ ಸಾಕು. ಆದರೆ ಏನು ತಿಂದರೂ ನುಣ್ಣಗೆ ಅಗಿಯಬೇಕೆಂದು ಡಾಕ್ಟರ ಕಟ್ಟಪ್ಪಣೆ. ಚಿಕ್ಕವನಿದ್ದಾಗ ನಾನು ಮುದ್ದೆ ಅಗಿಯುವುದನ್ನು ನೋಡಿ ಅಪ್ಪ, "ಏನ್ಲಾ, ಎಮ್ಮೆ ಮೆಲುಕು ಹಾಕ್ದಂಗೆ ಅಗೀತೀಯ, ನುಂಗ್ಲಾ" ಅಂದದ್ದು ನೆನಪಿದೆಯಾ? ನೀನು ನಕ್ಕು ನಕ್ಕು, ಸಾರು ನೆತ್ತಿಗೇರಿ ಕೆಮ್ಮಿದ್ದೆ.

ಈಗಲೂ ಭಾವ, ಮಕ್ಕಳು ನಗಬಹುದು. ಅವರನ್ನು ಗದರಬೇಡ. ಕಾಯಿಲೆ ಬಂದಾಗಿನಿಂದ ನಾನು ಊಟಕ್ಕೆ ಕೂತರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ಸುಮ್ಮನಾಗಿಬಿಡುತ್ತೀರಿ. ನನ್ನ ತಟ್ಟೆಯ ಮುಂದೆ ಯಾರೂ ನಕ್ಕೇ ಇಲ್ಲ.

ಈ ಸಲ ನೀನೇ ಮೊದಲು ನಗು, ಅಕ್ಕ.

ನಿನ್ನ ತಮ್ಮ,
ರುದ್ರೇಶ