ರಾಜ್ಯಪಾಲನ ಹೆಂಡತಿ

ಮತ್ರಾ, ಒಮಾನ್
೧೦ ಏಪ್ರಿಲ್ ೧೯೯೦

ಪ್ರೀತಿಯ ಡೊರೊತಿ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಬಿಸಿನೀರಿನ ಶಾಖ ಕೊಡುತ್ತಿದ್ದೀಯಾ, ಇಲ್ಲಾ ಯಾರ ಮಾತೂ ಕೇಳದೆ ಮತ್ತೆ ಬಾವಿಯಿಂದ ನೀರು ಸೇದುತ್ತಿದ್ದೀಯಾ? ನಿನ್ನ ಮಗ ನೊರ್ಬರ್ಟ್ ಚೆನ್ನಾಗಿದ್ದಾನೆ. ಅವನ ಕೆಲಸಕ್ಕೆ ಏನೂ ಆಗಲಿಲ್ಲ, ಹೆದರಬೇಡ.

ಒಬ್ಬ ಗುಮಾಸ್ತನನ್ನು ಊರಿಗೆ ಕಳಿಸಬೇಕೆಂದು ಕಂಪನಿಯ ಮಾಲೀಕ, ನಮ್ಮೆಲ್ಲರ ವೀಸಾ ಕೈಯಲ್ಲಿಟ್ಟುಕೊಂಡ ಅರಬಿ ಕಫೀಲ್ ಹೇಳಿದ್ದ. ಇದ್ದವರು ಇಬ್ಬರೇ, ನೊರ್ಬರ್ಟ್ ಮತ್ತು ಕಾಪುವಿನ ಉಸ್ಮಾನ್. ಯಾರೆಂದು ಬರೆದುಕೊಡುವ ಕರ್ಮ ಮ್ಯಾನೇಜರ್ ಆದ ನಮ್ಮವರದ್ದು. ಉಸ್ಮಾನ್ ಹಳಬ, ಕೆಲಸದಲ್ಲಿ ಚುರುಕು, ಮನೆಯಲ್ಲಿ ದುಡಿಯುವವನು ಅವನೊಬ್ಬನೇ, ಅವನಲ್ಲಿ ಏನು ತಪ್ಪು ಹುಡುಕಲಿ ಎಂದು ಇವರು ಊಟ ಬಿಟ್ಟು ಕೂತರು. ನಾನೇ ಹೇಳಿದೆ, "ನಮ್ಮ ಹುಡುಗನನ್ನು ಕಳಿಸಿ ಅಕ್ಕನಿಗೆ ಯಾವ ಮುಖ ತೋರಿಸ್ಲಿ? ಉಸ್ಮಾನನ ಹೆಸರೇ ಬರೀರಿ." ಬರೆದರು.

ಮೊನ್ನೆ ಗರಿಗಳ ಭಾನುವಾರ. ಇಗರ್ಜಿಯಲ್ಲಿ ಕ್ರಿಸ್ತನ ಯಾತನೆಯ ಕಥೆಯನ್ನು ಪಾಲು ಹಂಚಿಕೊಂಡು ಓದುತ್ತಾರಲ್ಲ, ರೋಮನ್ ರಾಜ್ಯಪಾಲ ಪಿಲಾತನ ಪಾಲು ಪ್ರತಿ ವರ್ಷ ಇವರದೇ. ಗಂಟಲು ದೊಡ್ಡದು ನೋಡು. ಈ ಸಲ ಎರಡನೇ ಬೆಂಚಿಗೂ ಕೇಳಿಸಲಿಲ್ಲ. ಗುಂಪಿನ ಪಾಲು ನಮ್ಮೆಲ್ಲರದು. ಶಿಲುಬೆಗೇರಿಸಿ ಎಂದು ಎಲ್ಲರೂ ಕೂಗಿದರು, ನಾನೂ ಕೂಗಿದೆ. ಆ ಪಿಲಾತನ ಹೆಂಡತಿಯಾದರೂ, ಕೆಟ್ಟ ಕನಸು ಬಿತ್ತು, ಆ ನೀತಿವಂತನ ಗೊಡವೆಗೆ ಹೋಗಬೇಡಿ ಎಂದು ಗಂಡನಿಗೆ ಹೇಳಿಕಳಿಸಿದಳು. ಇಷ್ಟು ವರ್ಷ ಕೇಳಿದರೂ ಅವಳು ನನ್ನ ಕಿವಿಗೆ ಬಿದ್ದದ್ದು ಈ ಸಲವೇ. ನನಗೆ ಕನಸೂ ಬೀಳಲಿಲ್ಲ ಅಕ್ಕಾ. ಅಳುವೂ ಬರುತ್ತಿಲ್ಲ. ಮನಸ್ಸು ಮರಗಟ್ಟಿದೆ. ಅಡಿಗೆ ಮಾಡುತ್ತೇನೆ, ಬಡಿಸುತ್ತೇನೆ. ಇವರು ತಲೆ ಎತ್ತದೆ ಉಂಡು ಏಳುತ್ತಾರೆ.

ಭಾವನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಈಸ್ಟರ್ ಹಬ್ಬದ ದಿನ ನಮ್ಮ ಹೆಸರಿನಲ್ಲೂ ಒಂದು ಮೇಣದ ಬತ್ತಿ ಹಚ್ಚು.

ನಿನ್ನ ತಂಗಿ,
ಬೀಟ್ರಿಸ್

ಮತ್ತೆ, ಇದನ್ನು ಹೇಳಲೇಬೇಕು: ಊರಿಗೆ ಹೊರಟವರ ಕೈಯಲ್ಲಿ ಇಲ್ಲಿ ಎಲ್ಲರೂ ಗಂಟು ಕಳಿಸುತ್ತಾರೆ. ನಿನ್ನೆ ಉಸ್ಮಾನ್ ತಾನಾಗಿಯೇ ಬಂದ. "ನೊರ್ಬರ್ಟನ ಅಮ್ಮನಿಗೆ ಏನಾದ್ರೂ ಕೊಡ್ಲಿಕ್ಕುಂಟಾ ಬಾಯಮ್ಮ? ನನ್ನನ್ನು ಉಳಿಸ್ಲಿಕ್ಕೆ ಸಾರ್ ಎಷ್ಟು ಕಷ್ಟಪಟ್ಟಿದ್ದಾರೋ ಏನೋ. ಇಷ್ಟಾದ್ರೂ ನಾನು ಮಾಡ್ಬೇಡ್ವಾ?" ಎಂದ. ಗಂಟು ಕಟ್ಟಿಡುತ್ತೇನೆ, ಬಂದು ತಗೊಂಡು ಹೋಗು ಎಂದೆ. ಖರ್ಜೂರದ ಡಬ್ಬಿ, ಮಂಡಿಗೆ ಹಚ್ಚುವ ಮುಲಾಮು, ಈ ಪತ್ರ, ಎಲ್ಲವನ್ನೂ ತಂದವನು ಅವನೇ. ಇದನ್ನು ಓದುವಾಗ ನಿನ್ನ ಎದುರಿಗೇ ಕೂತಿದ್ದರೆ ಮುಖದಲ್ಲಿ ಏನೂ ತೋರಿಸಬೇಡ. ಊಟ ಹಾಕದೆ ಕಳಿಸಬೇಡ.